ಜಾಝ್ ವೇದಿಕೆಗೆ ಬೆಂಗಳೂರಿನ ಲಯ: ಯಾರಿವರು ಆರ್.ಎ. ರಮಾಮಣಿ?

ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಒಂದು ಹಳೆಯ ಜೋಕ್ ಇದೆ. ತನಿ ಆವರ್ತನ ಶುರುವಾದರೆ ಕ್ಯಾಂಟೀನ್‌ನಲ್ಲಿ ವ್ಯಾಪಾರ ಜೋರಂತೆ. ಗಾಯಕರು ವಿರಾಮ ಕೊಟ್ಟು ಮೃದಂಗ, ಘಟಗಳಿಗೆ ಅವಕಾಶ ಬಿಡುವ ಹೊತ್ತಿಗೆ ಸಭಿಕರಲ್ಲಿ ಒಂದಷ್ಟು ಮಂದಿ ಕಾಫಿಗೆ ಎದ್ದು ಹೋಗುತ್ತಾರೆ ಎಂಬುದು ಅದರ ಒಳಾರ್ಥ. ಲಯವಾದ್ಯಗಳಿಗೆ 'ಪಕ್ಕವಾದ್ಯ' ಎಂಬ ಹೆಸರೇ ಇರುವಾಗ ಹೀಗಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಇದೇ ಪಕ್ಕವಾದ್ಯಗಳನ್ನು ವೇದಿಕೆಯ ನಡುವೆ ಕೂರಿಸಿ, ಯುರೋಪಿನ ಜಾಝ್ ಕೇಳುಗರಿಗೆ ತಲುಪಿಸಿದ ಸಂಸ್ಥೆ ಬೆಂಗಳೂರಿನದು. ಹೆಸರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. 1964ರಲ್ಲಿ ಇದನ್ನು ಸ್ಥಾಪಿಸಿದವರು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ. ಈ ಸಂಸ್ಥೆಯ ವಾದ್ಯಗಳಿಗೆ ಧ್ವನಿಯಾಗಿ, ಜಾಝ್ ಕಲಾವಿದರೊಂದಿಗೆ ನುಡಿಸಲು ಬೇಕಾದ ಸಂಗೀತವನ್ನು ರಚಿಸಿದವರು ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ. ಜಾಝ್ ಸಂಗ್ರಾಹಕರಿಗೆ ಚಿರಪರಿಚಿತವಾದ ಈ ಹೆಸರು ಕನ್ನಡದ ಸಾಮಾನ್ಯ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಬಸ್ಸಿನಲ್ಲಿ ಬಂದ ಜರ್ಮನ್ನರು

ಜಾಝ್ ಮತ್ತು ಭಾರತೀಯ ಸಂಗೀತದ ಬೆಸುಗೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಅವರ 'ಶಕ್ತಿ' ತಂಡ. ಅದರ ಮೊದಲ ಧ್ವನಿಮುದ್ರಿಕೆ ಬಂದದ್ದು 1976ರಲ್ಲಿ. ಅದಾಗಿ ಎರಡೇ ವರ್ಷಕ್ಕೆ ಬೆಂಗಳೂರಿನ ಕಥೆ ಶುರುವಾಗುತ್ತದೆ.

ಕ್ರಿಸ್ಟಿಯಾನ್ ಬುರ್ಖಾರ್ಡ್ ಮುಂದಾಳತ್ವದ ಜರ್ಮನಿಯ 'ಎಂಬ್ರಿಯೊ' ತಂಡ 1978-79ರಲ್ಲಿ ಇರಾನ್, ಅಫ್ಘಾನಿಸ್ತಾನದ ಮಾರ್ಗವಾಗಿ ಬಸ್ಸಿನಲ್ಲಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಆಯಾ ಊರಿನ ಸಂಗೀತಗಾರರ ಜತೆ ನುಡಿಸುತ್ತಾ ಬರುವುದೇ ಈ ಯಾತ್ರೆಯ ಉದ್ದೇಶ. ಅದು 'ವಾಗಾಬುಂಡೆನ್ ಕರವಾನೆ' ಎಂಬ ಸಾಕ್ಷ್ಯಚಿತ್ರವೂ ಆಯಿತು. ಈ ತಂಡ ಬೆಂಗಳೂರಿನ ಕಾಲೇಜಿನ ಕಲಾವಿದರೊಂದಿಗೆ ಜೊತೆಗೂಡಿ 'ಲೈಫ್' ಎಂಬ ಧ್ವನಿಮುದ್ರಿಕೆಯನ್ನೂ ಹೊರತಂದಿತು. ಮಣಿ ಮತ್ತು ರಮಾಮಣಿ ಅವರಿಗೆ ಜರ್ಮನಿಯ ಬಾಗಿಲು ತೆರೆದದ್ದು ಹೀಗೆ.

ಎಂಬ್ರಿಯೊ ಜತೆ ಆಗಾಗ ನುಡಿಸುತ್ತಿದ್ದವರಲ್ಲಿ ಚಾರ್ಲಿ ಮರಿಯಾನೊ ಒಬ್ಬರು. 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಈ ಸ್ಯಾಕ್ಸೋಫೋನ್ ವಾದಕ ಆ ಹೊತ್ತಿಗಾಗಲೇ ದೊಡ್ಡ ಹೆಸರು. ಚಾರ್ಲ್ಸ್ ಮಿಂಗಸ್ ಅವರ 1963ರ ಹೆಸರಾಂತ ಧ್ವನಿಮುದ್ರಿಕೆಯಲ್ಲಿ ನುಡಿಸಿದ್ದರು, ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದ್ದರು. ಜಾಝ್‌ನಲ್ಲಿ ಇಷ್ಟೆಲ್ಲ ಸಾಧಿಸಿದ ಮೇಲೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿಯಲು ಕುಳಿತರು! ಐವತ್ತರ ಆಸುಪಾಸಿನಲ್ಲಿ ಮತ್ತೆ ಸರಿಗಮದಿಂದ ಶುರು ಮಾಡುವ ತಾಳ್ಮೆ ಇದ್ದ ಕಾರಣಕ್ಕೇ ಅವರ ಸ್ಯಾಕ್ಸೋಫೋನ್ ಮುಂದೆ ರಮಾಮಣಿಯವರ ಧ್ವನಿಗೆ ಹೊಂದಿಕೊಂಡಿತು ಎನ್ನಬಹುದು.

ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ

1983ರಲ್ಲಿ ಮ್ಯೂನಿಕ್‌ನ ಇಸಿಎಂ ಸಂಸ್ಥೆಗಾಗಿ ಇವರೆಲ್ಲ ಸೇರಿ ಮುದ್ರಿಸಿದ ಧ್ವನಿಮುದ್ರಿಕೆ 'ಜ್ಯೋತಿ'. ಯಾರು ಏನು ನುಡಿಸಿದರು ಎಂಬುದನ್ನು ಗಮನಿಸಿ. ಮರಿಯಾನೊ ಅವರದು ಸೊಪ್ರಾನೊ ಸ್ಯಾಕ್ಸೋಫೋನ್ ಮತ್ತು ಕೊಳಲು. ರಮಾಮಣಿ ಅವರದು ಗಾಯನ ಮತ್ತು ತಂಬೂರಿ. ಟಿ.ಎ.ಎಸ್. ಮಣಿ ಮೃದಂಗ. ಆರ್.ಎ. ರಾಜಗೋಪಾಲ್ ಘಟ, ಮೋರ್ಸಿಂಗ್ ಹಾಗೂ ಕೊನ್ನಕೋಲು. ಟಿ.ಎನ್. ಶಶಿಕುಮಾರ್ ಖಂಜಿರ ಮತ್ತು ಕೊನ್ನಕೋಲು. ಅಷ್ಟೇ.

ಇಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಈ ಧ್ವನಿಮುದ್ರಿಕೆಯ ವಿಶೇಷ ಇರುವುದೇ ಇಲ್ಲಿ. ಬಹುತೇಕ ಫ್ಯೂಷನ್ ಪ್ರಯೋಗಗಳಲ್ಲಿ ತಳಪಾಯ ಪಾಶ್ಚಾತ್ಯರದು. ಅವರ ಬಾಸ್, ಅವರ ಡ್ರಮ್ಸ್, ಅದರ ಮೇಲೆ ಅಲಂಕಾರಕ್ಕೆಂದು ನಮ್ಮದೊಂದು ತಬಲಾ ಅಥವಾ ಸಿತಾರ್. 'ಜ್ಯೋತಿ'ಯಲ್ಲಿ ಲೆಕ್ಕ ಉಲ್ಟಾ. ತಳಪಾಯವೆಲ್ಲ ಬೆಂಗಳೂರಿನದು, ಅತಿಥಿಯಾಗಿ ಬಂದದ್ದು ಸ್ಯಾಕ್ಸೋಫೋನ್. ಅಮೆರಿಕದ ಹಿರಿಯ ಜಾಝ್ ಕಲಾವಿದ ರಾಗಕ್ಕೂ ತಾಳಕ್ಕೂ ತಾವೇ ಹೊಂದಿಕೊಂಡರು.

ಮರಿಯಾನೊ ಅವರೊಂದಿಗಿನ ಒಡನಾಟ ಅಲ್ಲಿಗೇ ಮುಗಿಯಲಿಲ್ಲ. ನಂತರದ ವರ್ಷಗಳಲ್ಲೂ ಜಂಟಿ ಕಛೇರಿಗಳು, ಧ್ವನಿಮುದ್ರಿಕೆಗಳು ಬಂದವು. ಅವುಗಳಲ್ಲಿ ಒಂದರ ಹೆಸರೇ 'ಬ್ಯಾಂಗಲೋರ್'. ಪಿಯಾನೊ ವಾದಕ ಮೈಕ್ ಹರ್ಟಿಂಗ್ ಜತೆಗೂಡಿ ಜರ್ಮನಿಯ ಡಬ್ಲ್ಯೂಡಿಆರ್ ಬಿಗ್ ಬ್ಯಾಂಡ್ ಎಂಬ ದೊಡ್ಡ ವಾದ್ಯವೃಂದದೊಂದಿಗೆ ನಡೆಸಿದ ಪ್ರಯೋಗ 'ಸ್ಕೆಚಸ್ ಆಫ್ ಬ್ಯಾಂಗಲೋರ್'. ಇತ್ತ ಭಾರತದಲ್ಲಿ ಪಿಯಾನೊ ವಾದಕ ಲೂಯಿಸ್ ಬ್ಯಾಂಕ್ಸ್ ಅವರ 'ಸಂಗಮ್' ತಂಡದಲ್ಲೂ ರಮಾಮಣಿ ಹಾಡಿದರು. ಮರಿಯಾನೊ 2009ರ ಜೂನ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಿಧನರಾದರು.

ಕ್ಯೂಬಾದ 'ಕ್ಲಾವೆ'ಗೆ ನಮ್ಮ 'ತಕಿಟ'

ಬೆಂಗಳೂರಿನ ಈ ಕಥೆಗೆ ಸಾಗರದಾಚೆ ಒಬ್ಬ ಅಣ್ಣನಿದ್ದಾನೆ. ಅದು ಆಫ್ರೋ-ಕ್ಯೂಬನ್ ಜಾಝ್. ಕ್ಯೂಬಾದಿಂದ ನ್ಯೂಯಾರ್ಕ್‌ಗೆ ಬಂದಿದ್ದ ಮಾರಿಯೊ ಬೌಸಾ, ಮಚಿಟೊ ಮುಂತಾದವರು 1940ರ ದಶಕದಲ್ಲಿ ತಮ್ಮೂರಿನ ಚರ್ಮವಾದ್ಯಗಳನ್ನು ಜಾಝ್‌ಗೆ ಸೇರಿಸಿದರು. 1947ರಲ್ಲಿ ಕಹಳೆ ವಾದಕ ಡಿಜಿ ಗಿಲೆಸ್ಪಿ ಅವರ ತಂಡಕ್ಕೆ ಹವಾನಾದ ಕೊಂಗಾ ವಾದಕ ಚಾನೊ ಪೊಜೊ ಬಂದರು. ಇಬ್ಬರೂ ಸೇರಿ ಕೊಟ್ಟ 'ಮಂಟೆಕಾ' ಇವತ್ತಿಗೂ ಜಾಝ್ ಕಲಿಯುವವರಿಗೆ ಪಠ್ಯದಂತಿದೆ. ಮರು ವರ್ಷವೇ, 1948ರ ಡಿಸೆಂಬರ್‌ನಲ್ಲಿ, 33ರ ಹರೆಯದ ಪೊಜೊ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಗುಂಡಿಗೆ ಬಲಿಯಾದರು.

ಕ್ಯೂಬಾದ ಸಂಗೀತದ ಬೆನ್ನೆಲುಬು 'ಕ್ಲಾವೆ' ಎಂಬ ಐದು ಪೆಟ್ಟುಗಳ ಲಯ. ಇದನ್ನು ಎರಡು ಮರದ ಕೋಲುಗಳನ್ನು ಬಡಿದು ನುಡಿಸುತ್ತಾರೆ. ಕೇಳಲು ವಿಚಿತ್ರ ಎನಿಸಿದರೂ ಕೊನ್ನಕೋಲು ಬಲ್ಲವರಿಗೆ ಇದು ಒಂದೇ ನಿಮಿಷದ ಕೆಲಸ. 16 ಮಾತ್ರೆಗಳನ್ನು 3, 3, 4, 2, 4 ಎಂದು ಒಡೆಯಿರಿ. ಬಾಯಲ್ಲಿ ಹೇಳುವುದಾದರೆ: ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ. ಪ್ರತಿ ಗುಂಪಿನ ಮೊದಲ 'ತ'ಕಾರಕ್ಕೆ ಮಾತ್ರ ಚಪ್ಪಾಳೆ ತಟ್ಟಿದರೆ ಕ್ಯೂಬಾದ ಕ್ಲಾವೆ ಸಿದ್ಧ. ಎಂಟು ಅಕ್ಷರಗಳ ಆದಿತಾಳದಲ್ಲಿ ಅಕ್ಷರಕ್ಕೆ ಎರಡು ಮಾತ್ರೆಯಂತೆ ಹಾಕಿಕೊಂಡರೆ ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಮನೆಯಲ್ಲೇ ಪ್ರಯತ್ನಿಸಬಹುದು.

ವ್ಯತ್ಯಾಸವೂ ಇದೆ. ಕ್ಲಾವೆ ಹಾಡಿನುದ್ದಕ್ಕೂ ಒಂದೇ ಮಾದರಿಯಲ್ಲಿ ಉಳಿಯುತ್ತದೆ, ಉಳಿದವರು ಅದರ ಸುತ್ತ ನುಡಿಸುತ್ತಾರೆ. ನಮ್ಮಲ್ಲಿ ತಾಳ ಕೈಯಲ್ಲಿರುತ್ತದೆ, ವಾದ್ಯವೇ ಅದನ್ನು ಹೇಳಬೇಕೆಂದಿಲ್ಲ. ಹಾಗಾಗಿ ಮೃದಂಗ, ಘಟಗಳು ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳಲ್ಲಿ, ಅಂದರೆ 3, 4, 5, 7, 9ರ ಲೆಕ್ಕದಲ್ಲಿ, ಸ್ವತಂತ್ರವಾಗಿ ಅಲೆದು ಮತ್ತೆ ಸಮಕ್ಕೆ ಬಂದು ಸೇರುತ್ತವೆ. ಜಾಝ್‌ನವರು ಮಾರುಹೋಗಿದ್ದು ಈ ಲೆಕ್ಕಾಚಾರಕ್ಕೇ. ತನಿ ಆವರ್ತನದಲ್ಲಿ ಇಬ್ಬರು ವಾದಕರು ಸರದಿಯಂತೆ ನುಡಿಸುತ್ತಾ, ಸರದಿಯ ಉದ್ದವನ್ನು ಹಂತಹಂತವಾಗಿ ಅರ್ಧಕ್ಕಿಳಿಸುತ್ತಾ ಹೋಗುವ 'ಕೊರೈಪ್ಪು' ಜಾಝ್ ವಾದಕರಿಗೆ ತೀರಾ ಹೊಸದೇನಲ್ಲ. ನಾಲ್ಕು ನಾಲ್ಕು ಬಾರ್‌ಗಳ ಸವಾಲ್-ಜವಾಬ್ ಅವರಲ್ಲೂ ಇದೆ.

ಮದ್ರಾಸಿನಲ್ಲಿ ಹುಟ್ಟಿ ರಾಕ್ ಸಂಗೀತದಲ್ಲಿದ್ದ ರಮೇಶ್ ಶೋತಮ್ ಈ ಲೆಕ್ಕವನ್ನು ಬೆಂಗಳೂರಿನ ಇದೇ ಕಾಲೇಜಿನಲ್ಲಿ ಕಲಿತರು. ತವಿಲ್ ಅವರ ವಾದ್ಯ. ಮುಂದೆ ಜರ್ಮನಿಯಲ್ಲಿ ನೆಲೆಸಿ ಅಲ್ಲಿನ ಜಾಝ್ ವಲಯದಲ್ಲಿ ಪ್ರಮುಖ ತಾಳವಾದ್ಯಗಾರರಾದರು. ಇನ್ನು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಅವರದು ಇದಕ್ಕೆ ಎದುರು ದಿಕ್ಕಿನ ಪಯಣ. ಪಾಶ್ಚಾತ್ಯರ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ತಂದ ಅವರು 1980ರಲ್ಲಿ ಮುಂಬೈನ ಜಾಝ್ ಯಾತ್ರಾ ಉತ್ಸವದಲ್ಲಿ ಜಾನ್ ಹ್ಯಾಂಡಿ ಜತೆ ನುಡಿಸಿದ್ದು ದೊಡ್ಡ ಸುದ್ದಿಯಾಗಿತ್ತು.

ಹೆಣ್ಣುಮಕ್ಕಳಿಗೆ ದಾರಿ ಸುಲಭವಿರಲಿಲ್ಲ

ರಮಾಮಣಿ ಅವರ ಕೆಲಸಕ್ಕೆ ಇನ್ನೊಂದು ತೂಕವಿದೆ. ಲಯ ಎಂದರೆ ಗಂಡಸರ ಕ್ಷೇತ್ರ ಎಂದೇ ನಂಬಿದ್ದ ಕಾಲವದು. ಬೆಂಗಳೂರಿನಲ್ಲೇ ನೆಲೆಸಿರುವ ಘಟ ವಿದುಷಿ ಸುಕನ್ಯಾ ರಾಮ್‌ಗೋಪಾಲ್ ಅವರ ಅನುಭವ ಕೇಳಿದರೆ ಇದು ಅರ್ಥವಾಗುತ್ತದೆ. ವಿಕ್ಕು ವಿನಾಯಕರಾಮ್ ಅವರ ಶಿಷ್ಯೆಯಾದ ಸುಕನ್ಯಾ, ಮಹಿಳೆ ಘಟ ನುಡಿಸುತ್ತಾರೆಂಬ ಕಾರಣಕ್ಕೆ ಪಕ್ಕದಲ್ಲಿ ಕೂತು ಮೃದಂಗ ನುಡಿಸಲು ಒಪ್ಪದವರಿದ್ದರು ಎಂದು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅವರು ಸುಮ್ಮನೆ ಕೂರಲಿಲ್ಲ. 1995ರಲ್ಲಿ ಮಹಿಳೆಯರದೇ ಆದ 'ಸ್ತ್ರೀ ತಾಲ್ ತರಂಗ್' ತಂಡ ಕಟ್ಟಿದರು. ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಸುತ್ತ ಜೋಡಿಸಿಕೊಂಡು ರಾಗವನ್ನೇ ನುಡಿಸುವ 'ಘಟ ತರಂಗ'ವನ್ನು ರೂಪಿಸಿದರು. ಮಣ್ಣಿನ ಮಡಕೆಗೆ ಪಕ್ಕವಾದ್ಯದ ಪಟ್ಟ ತಪ್ಪಿಸಲು ಇದಕ್ಕಿಂತ ಜಾಣ ಉಪಾಯ ಬೇರೆ ಇರಲಾರದು!

ಕ್ಯೂಬಾದಲ್ಲೂ ಪರಿಸ್ಥಿತಿ ಹೆಚ್ಚೇನೂ ಭಿನ್ನವಾಗಿರಲಿಲ್ಲ. ಅಲ್ಲಿನ ಧಾರ್ಮಿಕ 'ಬಾಟಾ' ಚರ್ಮವಾದ್ಯಗಳನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ಆದರೂ 1932ರಲ್ಲಿ ಹವಾನಾದ ಕ್ಯಾಸ್ಟ್ರೊ ಸಹೋದರಿಯರು 'ಅನಕವೋನಾ' ಎಂಬ ಪೂರ್ತಿ ಮಹಿಳೆಯರ ವಾದ್ಯವೃಂದ ಕಟ್ಟಿದರು. ಅಲ್ಲಿ ಹಾಡುತ್ತಿದ್ದ ಗ್ರಾಸಿಯೆಲಾ ಮುಂದೆ ಮಚಿಟೊ ತಂಡದ ಗಾಯಕಿಯಾಗಿ ನ್ಯೂಯಾರ್ಕ್‌ನಲ್ಲಿ ಮನೆಮಾತಾದರು.

ರಮಾಮಣಿ ಆಯ್ದುಕೊಂಡ ದಾರಿ ಬೇರೆ. ವಾದ್ಯ ಹಿಡಿಯದೆ, ತಾಳವಾದ್ಯಗಾರರ ನಡುವೆ ಕೂತು, ಧ್ವನಿಯಿಂದಲೇ ಲಯವನ್ನು ಮುನ್ನಡೆಸಿದರು. ಸಾಹಿತ್ಯವಿಲ್ಲದ ಆಲಾಪ, ಸ್ವರ, ಜತಿ ಇಷ್ಟನ್ನೇ ಬಂಡವಾಳ ಮಾಡಿಕೊಂಡರೆ ಭಾಷೆ ಗೊತ್ತಿಲ್ಲದ ಊರಿನಲ್ಲೂ ಹಾಡಬಹುದು. ಅವರ ಗಾಯನ ಸ್ಯಾಕ್ಸೋಫೋನ್ ಎದುರು ಇನ್ನೊಂದು ಗಾಳಿವಾದ್ಯದಂತೆಯೇ ನಿಲ್ಲುತ್ತದೆ. ಇಷ್ಟಾದರೂ ಅಂಗಡಿಗಳ ಪಟ್ಟಿಯಲ್ಲಿ 'ಜ್ಯೋತಿ'ಯನ್ನು ಹುಡುಕಬೇಕಾದದ್ದು ಮರಿಯಾನೊ ಹೆಸರಿನಲ್ಲೇ, ಜಾಝ್ ವಿಭಾಗದಲ್ಲೇ. ಕರ್ನಾಟಕ ಸಂಗೀತದ ಕಪಾಟಿನಲ್ಲಿ ಅದು ಸಿಗುವುದು ಕಷ್ಟ. ಬೆಂಗಳೂರಿನವರಿಗೆ ಅದು ತಲುಪದಿರಲು ಇದೂ ಒಂದು ಕಾರಣ ಇದ್ದೀತು.

ಕೇಳುವ ಮನಸ್ಸಿದ್ದವರು 'ಜ್ಯೋತಿ'ಯಿಂದಲೇ ಆರಂಭಿಸಬಹುದು. ಅದರ ಮೊದಲ ಟ್ರ್ಯಾಕ್‌ನ ಹೆಸರು 'ವಾಯ್ಸ್ ಸೋಲೊ'.