ಮನೆ ಬಾಗಿಲಿಗೆ ಬಂದ ಊಟ, ಹೊಟ್ಟೆಗೆ ಹೋದದ್ದೆಷ್ಟು?

ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬ್ ದಾಳಿಗೆ ಮನೆ ಕಳೆದುಕೊಂಡವರಿಗೆ ಬ್ರಿಟನ್ನಿನ ವುಮೆನ್ಸ್ ವಾಲಂಟರಿ ಸರ್ವಿಸ್ ಊಟ ಹಂಚುತ್ತಿತ್ತು. 1943ರಲ್ಲಿ ಹೆಮೆಲ್ ಹೆಂಪ್‌ಸ್ಟೆಡ್ ಎಂಬ ಊರಿನಲ್ಲಿ ಅದರ ಕಾರ್ಯಕರ್ತೆಯರು ಹೊರಗೆ ಬರಲಾಗದ ವೃದ್ಧರ ಮನೆಗೇ ಬಿಸಿ ಊಟ ಒಯ್ಯತೊಡಗಿದರು. 'ಮೀಲ್ಸ್ ಆನ್ ವೀಲ್ಸ್' ಬೆಳೆದದ್ದು ಅಲ್ಲಿಂದ. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಅದನ್ನು ಕಟ್ಟಿದ ಡೋರಿಸ್ ಟೇಲರ್ ಸ್ವತಃ ಗಾಲಿಕುರ್ಚಿಯಲ್ಲಿದ್ದ ಹೆಂಗಸು. 1954ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಆರಂಭವಾದಾಗ ಮನೆಮನೆಗೆ ಊಟ ಮುಟ್ಟಿಸಿದವರಲ್ಲಿ ಹೆಚ್ಚಿನವರು ಹೈಸ್ಕೂಲು ಮಕ್ಕಳು.

ಪೋಷಕಾಂಶಗಳ ಲೆಕ್ಕ ಬಂದದ್ದು ಸರ್ಕಾರದ ದುಡ್ಡಿನ ಜೊತೆಗೆ. ಅಮೆರಿಕದ 1965ರ ಹಿರಿಯರ ಕಾಯ್ದೆಗೆ 1972ರಲ್ಲಿ ಪೋಷಣಾ ಕಾರ್ಯಕ್ರಮ ಸೇರಿತು. 1978ರಲ್ಲಿ ಮನೆಗೆ ತಲುಪಿಸುವ ಊಟಕ್ಕೆ ಪ್ರತ್ಯೇಕ ಅನುದಾನ ಸಿಕ್ಕಿತು. ಒಂದು ಊಟದಲ್ಲಿ ದಿನದ ಶಿಫಾರಸಿನ ಕನಿಷ್ಠ ಮೂರನೇ ಒಂದು ಪಾಲು ಪೋಷಕಾಂಶ ಇರಬೇಕೆಂಬುದು ನಿಯಮ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬಂದ ಊಟದಲ್ಲಿ ಅರ್ಧ ತಿಂದು ಉಳಿದದ್ದನ್ನು ರಾತ್ರಿಗೆ ಎತ್ತಿಡುವವರಿದ್ದಾರೆ. ಹಲ್ಲಿಲ್ಲದೆ, ಮಾತ್ರೆಗಳಿಂದ ಬಾಯಿರುಚಿ ಕೆಟ್ಟು, ಹಾಗೇ ಬಿಡುವವರೂ ಇದ್ದಾರೆ. ಶನಿವಾರ, ಭಾನುವಾರ ಬಹಳ ಕಡೆ ಗಾಡಿ ಬರುವುದೇ ಇಲ್ಲ. ಹಂಚಿದ ಊಟಗಳ ಎಣಿಕೆಯನ್ನೇ ಸಾಧನೆಯೆಂದು ತೋರಿಸುವ ವರದಿಗಳಿಗೆ ಇದೊಂದೂ ಕಾಣುವುದಿಲ್ಲ.

ಸಂಶೋಧಕರ ಕಣ್ಣು ತಟ್ಟೆಯಿಂದ ದೇಹದ ಕಡೆಗೆ ಹೊರಳಿದ್ದು ಆಮೇಲೆ. ವಯಸ್ಸಾದಂತೆ ಸ್ನಾಯು ಕರಗುವುದಕ್ಕೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. 1990ರ ದಶಕದಲ್ಲಿ ಬಂದ 'ಮಿನಿ ನ್ಯೂಟ್ರಿಷನಲ್ ಅಸೆಸ್‌ಮೆಂಟ್'ಗೆ ರಕ್ತಪರೀಕ್ಷೆ ಬೇಕಿಲ್ಲ: ತೂಕ ಇಳಿದಿದೆಯೇ, ಹಸಿವು ಹೇಗಿದೆ, ಓಡಾಟ ಎಷ್ಟು ಎಂದು ಕೇಳಿ, ಮೀನಖಂಡದ ಸುತ್ತಳತೆ ನೋಡಿದರೆ ಅಪಾಯದ ಅಂದಾಜು ಸಿಗುತ್ತದೆ. ವಯಸ್ಕರಿಗೆಲ್ಲ ದಿನಕ್ಕೆ ದೇಹತೂಕದ ಕಿಲೋಗೆ 0.8 ಗ್ರಾಂ ಪ್ರೋಟೀನ್ ಸಾಕೆಂದಿದ್ದರೆ, 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ತಜ್ಞರ ಗುಂಪೊಂದು ಹೇಳಿತು.

ಅದೇ ವರ್ಷ ಬ್ರೌನ್ ವಿಶ್ವವಿದ್ಯಾಲಯದ ಕೇಲಿ ಥಾಮಸ್ ಮತ್ತು ವಿನ್ಸೆಂಟ್ ಮೋರ್, ಮನೆಗೆ ತಲುಪಿಸುವ ಊಟಕ್ಕೆ ಹೆಚ್ಚು ಖರ್ಚು ಮಾಡುವ ರಾಜ್ಯಗಳ ನರ್ಸಿಂಗ್ ಹೋಮ್‌ಗಳಲ್ಲಿ ಹೆಚ್ಚಿನ ಆರೈಕೆ ಬೇಕಿಲ್ಲದ ವೃದ್ಧರು ಕಡಿಮೆ ಎಂದು ತೋರಿಸಿದರು. ಕಾರಣ ಊಟವೇ ಎಂದು ಇಷ್ಟರಿಂದಲೇ ಹೇಳಲಾಗದು, ಸರಿ. 2015ರಲ್ಲಿ ಬಂದ ಪ್ರಯೋಗ ಹೆಚ್ಚು ಗಟ್ಟಿಯಾದದ್ದು. ಒಂದು ಗುಂಪಿಗೆ ದಿನವೂ ಬಿಸಿ ಊಟ, ಇನ್ನೊಂದಕ್ಕೆ ವಾರಕ್ಕೊಮ್ಮೆ ಹೆಪ್ಪುಗಟ್ಟಿಸಿದ ಪೊಟ್ಟಣಗಳು, ಮೂರನೆಯದು ಕಾಯುವ ಪಟ್ಟಿಯಲ್ಲಿ. ಒಂಟಿಯಾಗಿ ಬದುಕುವವರಲ್ಲಿ, ದಿನವೂ ಊಟ ತರುವವರ ಮುಖ ಕಂಡವರಿಗೆ ಒಂಟಿತನದ ಬಾಧೆ ಕಡಿಮೆಯಾಗಿತ್ತು. ಪೊಟ್ಟಣ ಅಗ್ಗವೆಂದು ಅದನ್ನೇ ಆರಿಸುವ ಆಡಳಿತಗಾರರು ಈ ಫಲಿತಾಂಶ ಓದಬೇಕು.

ನಮ್ಮಲ್ಲಿ 2000ದ ಅನ್ನಪೂರ್ಣ ಯೋಜನೆ ಪಿಂಚಣಿ ಸಿಗದ ಹಿರಿಯರಿಗೆ ತಿಂಗಳಿಗೆ 10 ಕಿಲೋ ಧಾನ್ಯ ಕೊಟ್ಟಿತು. ಕರ್ನಾಟಕ 2024-25ರ ಬಜೆಟ್‌ನಲ್ಲಿ 80 ದಾಟಿದವರ ಮನೆಗೇ ಪಡಿತರ ತಲುಪಿಸುವ 'ಅನ್ನ ಸುವಿಧಾ'ವನ್ನು ಘೋಷಿಸಿತು. ಎರಡರಲ್ಲೂ ಸಿಗುವುದು ಧಾನ್ಯ. ಒಲೆಯ ಮುಂದೆ ನಿಲ್ಲಲಾಗದವರಿಗೆ ಅದನ್ನು ಬೇಯಿಸಿ ಬಡಿಸುವ ಕೆಲಸ ಇಲ್ಲಿ ಬಹುಪಾಲು ಮಗಳು, ಸೊಸೆ, ನೆರೆಮನೆಯವರ ಮೇಲೆಯೇ ಉಳಿದಿದೆ.