ಒಂದು ಸುತ್ತಿನ ಲೆಕ್ಕ

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ದಕ್ಷಿಣದ ರಾಜ್ಯಗಳಲ್ಲಿ ಬೇರುಬಿಟ್ಟ ಆಟ. ನೋಡಲು ಶೋರೂಮಿನ ಕಾರಿನಂತೆ, ಒಳಗೆಲ್ಲ ರೇಸಿಗೆಂದೇ ಕಟ್ಟಿದ್ದು. ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೆ ತಿರುಗುತ್ತ ನೂರಾರು ಸುತ್ತು. ಮನೆತನಗಳೇ ಮೆರೆದ ಆ ಲೋಕಕ್ಕೆ ಉತ್ತರದ ವಿಸ್ಕಾನ್ಸಿನ್‌ನಿಂದ ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್ ವಲಸೆ ಬಂದ. ಹೆಸರು ಅಲನ್ ಕುಲ್ವಿಕಿ.

ಹುಟ್ಟಿದ್ದು 1954ರಲ್ಲಿ, ಮಿಲ್ವಾಕಿ ಬಳಿ, ಪೋಲಿಷ್ ಮೂಲದ ಮನೆಯಲ್ಲಿ. ತಂದೆ ರೇಸ್ ಎಂಜಿನ್ ಕಟ್ಟುತ್ತಿದ್ದವರು. 1977ರಲ್ಲಿ ಪದವಿ. 1985ರ ಹೊತ್ತಿಗೆ ಇದ್ದಬದ್ದದ್ದನ್ನೆಲ್ಲ ಮಾರಿ ಷಾರ್ಲಟ್‌ಗೆ ಹೊರಟಾಗ, ಇನ್ನೆರಡು ದಿನ ಇದೆ ಎನ್ನುವಾಗ ಟ್ರಕ್ ಸುಟ್ಟುಹೋಯಿತು. ಬೇರೆಯವರ ಟ್ರಕ್ ಕೇಳಿ ತಂದು ಹೊರಟ. 1986ರಲ್ಲಿ ಒಂದೇ ಕಾರು, ಎರಡು ಎಂಜಿನ್ ಇಟ್ಟುಕೊಂಡು ವರ್ಷದ ಉತ್ತಮ ಹೊಸಬ ಎನಿಸಿಕೊಂಡ.

ತಂಡದ ಒಡೆಯನೂ ಚಾಲಕನೂ ಆತನೇ. ಪ್ರಾಜೆಕ್ಟ್ ಮ್ಯಾನೇಜರ್ ಕಣ್ಣಿಂದ ನೋಡಿದರೆ ಇದೊಂದು ಕೆಟ್ಟ ಮಾದರಿ! ಎಲ್ಲದರಲ್ಲೂ ತಾನೇ ಕೈಹಾಕುವವನ ಹತ್ತಿರ ಜನ ನಿಲ್ಲುವುದಿಲ್ಲ, ಅಲ್ಲೂ ನಿಲ್ಲುತ್ತಿರಲಿಲ್ಲ. ಆದರೂ 1988ರಲ್ಲಿ ಫೀನಿಕ್ಸ್‌ನಲ್ಲಿ ಮೊದಲ ಗೆಲುವು. ಗೆದ್ದವನೇ ಕಾರು ತಿರುಗಿಸಿ ಉಲ್ಟಾ ಸುತ್ತು ಹೊಡೆದ. ಚಾಲಕನ ಕಿಟಕಿ ಪ್ರೇಕ್ಷಕರ ಕಡೆಗಿರುತ್ತದೆ, ಕೈಬೀಸಬಹುದು. ಪೋಲಿಷ್ ಜನರನ್ನು ಪೆದ್ದರೆಂದು ಅಣಕಿಸುವ ಜೋಕುಗಳು ಅಲ್ಲಿ ಹೇರಳ. ಅದನ್ನೇ ಹೆಸರಾಗಿಸಿ ‘ಪೋಲಿಷ್ ವಿಜಯದ ಸುತ್ತು’ ಎಂದ.

ದೊಡ್ಡ ಒಡೆಯ ಜೂನಿಯರ್ ಜಾನ್ಸನ್ ಹತ್ತು ಲಕ್ಷ ಡಾಲರ್ ಕೊಡುತ್ತೇನೆ, ನನ್ನ ಕಾರು ಓಡಿಸು ಎಂದಾಗ ಒಲ್ಲೆ ಎಂದ. 1991ರ ಋತು ಶುರುವಾದಾಗ ಕೈಯಲ್ಲಿ ಖಾಯಂ ಪ್ರಾಯೋಜಕರೂ ಇರಲಿಲ್ಲ.

1992ರ ಸೆಪ್ಟೆಂಬರಿನಲ್ಲಿ ಡೋವರ್‌ನ ಅಪಘಾತದ ನಂತರ 278 ಅಂಕ ಹಿಂದೆ, ಉಳಿದದ್ದು ಆರು ರೇಸ್. ನವೆಂಬರ್ 15, ಅಟ್ಲಾಂಟಾ, ಕೊನೆಯ ರೇಸ್. ಡೇವಿ ಆಲಿಸನ್ ಮುಂದೆ, ಕುಲ್ವಿಕಿ 30 ಅಂಕ ಹಿಂದೆ, ಬಿಲ್ ಎಲಿಯಟ್ 40 ಹಿಂದೆ. ಈ ಎಲಿಯಟ್ ಓಡಿಸುತ್ತಿದ್ದದ್ದು ಅದೇ ಜಾನ್ಸನ್‌ನ ಕಾರು! ಕುಲ್ವಿಕಿ ತನ್ನ ಥಂಡರ್‌ಬರ್ಡ್ ಕಾರಿನ ಮುಂಭಾಗದಲ್ಲಿದ್ದ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ ಕಿತ್ತು ‘ಅಂಡರ್‌ಬರ್ಡ್’ ಮಾಡಿಕೊಂಡಿದ್ದ.

ಆಲಿಸನ್ ಅಪಘಾತಕ್ಕೆ ಸಿಕ್ಕಿ ಕಣದಿಂದ ಹೊರಬಿದ್ದ. ಕುಲ್ವಿಕಿಯ ಮೊದಲ ಗೇರ್ ಕೈಕೊಟ್ಟಿತ್ತು. ಪಿಟ್‌ನಿಂದ ಮೇಲಿನ ಗೇರಿನಲ್ಲೇ ಹೊರಡಬೇಕು. ಅತಿ ಹೆಚ್ಚು ಸುತ್ತು ಮುಂದಿದ್ದವನಿಗೆ ಐದು ಅಂಕ ಬೋನಸ್. ತಂಡ ಎಣಿಸುತ್ತಲೇ ಇತ್ತು. ಎಲಿಯಟ್ ಹಿಂದಿಕ್ಕಲಾಗದಷ್ಟು ಸುತ್ತು ಮುಗಿಯುವವರೆಗೂ ಕುಲ್ವಿಕಿ ಪೆಟ್ರೋಲಿಗೆ ನಿಲ್ಲಲಿಲ್ಲ. ರೇಸ್ ಗೆದ್ದದ್ದು ಎಲಿಯಟ್, ಎರಡನೆಯವ ಕುಲ್ವಿಕಿ. ಮುಂದಿದ್ದ ಸುತ್ತುಗಳು: ಕುಲ್ವಿಕಿ 103, ಎಲಿಯಟ್ 102. ಒಟ್ಟು ಅಂಕ 4078, 4068. ಒಂದೇ ಸುತ್ತು ಆಚೀಚೆ ಆಗಿದ್ದರೆ ಇಬ್ಬರದೂ ಸಮ. ಆಗ ಐದು ರೇಸ್ ಗೆದ್ದಿದ್ದ ಎಲಿಯಟ್, ಎರಡು ಗೆದ್ದಿದ್ದ ಕುಲ್ವಿಕಿಯನ್ನು ಮೀರಿಸಿ ಚಾಂಪಿಯನ್ ಆಗುತ್ತಿದ್ದ. ಇಂಥ ಕೂಡು-ಕಳೆಯುವಿಕೆಯಲ್ಲಿ ನಿಂತ ಕಿರೀಟ ಬೇರೊಂದು ನನಗೆ ಗೊತ್ತಿಲ್ಲ.

ಐದು ತಿಂಗಳೂ ಕಳೆಯಲಿಲ್ಲ. 1993ರ ಏಪ್ರಿಲ್ 1ರ ರಾತ್ರಿ ಬ್ರಿಸ್ಟಲ್ ರೇಸಿಗೆ ಹೊರಟಿದ್ದ ಕುಲ್ವಿಕಿ ಟೆನೆಸಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ವಯಸ್ಸು 38. ಆ ಭಾನುವಾರ ಬ್ರಿಸ್ಟಲ್‌ನಲ್ಲಿ ಗೆದ್ದ ರಸ್ಟಿ ವ್ಯಾಲೇಸ್ ಕಾರು ತಿರುಗಿಸಿ ಉಲ್ಟಾ ಸುತ್ತು ಹೊಡೆದ.