ಅಂಟಿಸಿದ್ದು ಮತ್ತು ಬೆಳೆಸಿದ್ದು

ಕಲ್ಲಡ್ಕ, ಬಂಟ್ವಾಳ ಕಡೆಯ ಹಳೆಯ ಮನೆಗಳ ಮಾಡಿನಲ್ಲಿ ಹಂಚನ್ನು ಮರಕ್ಕೆ ಯಾರೂ ಅಂಟಿಸಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದ ಕಾಲದಿಂದಲೂ ಹಂಚು ರೀಪಿಗೆ ಸಿಕ್ಕಿಕೊಂಡು, ಪಕ್ಕದ ಹಂಚಿನೊಳಗೆ ಅಂಚು ಸೇರಿಸಿ ಕೂರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮರ ಉಬ್ಬಿ ಬೇಸಗೆಯಲ್ಲಿ ಕುಗ್ಗಿದರೂ ಸುಟ್ಟ ಮಣ್ಣು ಬಿರಿಯುವುದಿಲ್ಲ. ಸೊಂಟದ ಕೀಲಿಗೆ ಲೋಹ ಕೂರಿಸುವವರಿಗೆ ಈ ಸಡಿಲಿಕೆಯ ಅನುಕೂಲವಿಲ್ಲ. ಅಲ್ಲಿ ಮೂಳೆಯನ್ನು ಸೆಳೆಯಲು ಮೇಲೆ ಹಚ್ಚುವ ಪಿಂಗಾಣಿಯಂಥ ಪದಾರ್ಥ ಲೋಹವನ್ನು ಬಿಡದೆ ಹಿಡಿಯಲೇಬೇಕು. ಮೂಳೆ ಟೈಟೇನಿಯಮ್ಮಿಗೆ ಒಗ್ಗಿ ಬೆಳೆಯುವುದನ್ನು ಸ್ವೀಡನ್ನಿನ ಬ್ರೊನೆಮಾರ್ಕ್ 1952ರಲ್ಲಿ ಮೊಲಗಳಲ್ಲಿ ಕಂಡರು. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಮೂಳೆಯೊಂದಿಗೆ ನೇರವಾಗಿ ಬೆಸೆಯುವ ಗಾಜನ್ನೇ ತಯಾರಿಸಿದರು. ಆದರೆ ಇಂಥ ಗಾಜು ಭಾರಕ್ಕೆ ಒಡೆಯುತ್ತದೆ. ಬಲಕ್ಕೆ ಲೋಹ, ಮೂಳೆಯ ನಂಟಿಗೆ ಮೇಲೊಂದು ಲೇಪ ಎಂಬ ದಾರಿ ಹುಟ್ಟಿದ್ದು ಹೀಗೆ.

ಲಂಡನ್ನಿನಲ್ಲಿ ಶಸ್ತ್ರವೈದ್ಯ ಫರ್ಲಾಂಗ್ 1985ರಲ್ಲಿ, ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಲೇಪಿಸಿದ ಸೊಂಟದ ಕೀಲನ್ನು ರೋಗಿಗಳಿಗೆ ಕೂರಿಸತೊಡಗಿದರು. ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಲೋಹದ ಮೇಲೆ ಎರಚುವ ವಿಧಾನ ಅದು. ಅದರ ತೊಡಕು ಶಾಖದಲ್ಲೇ ಇದೆ. ಒಂದು ಡಿಗ್ರಿ ಬಿಸಿಗೆ ಟೈಟೇನಿಯಮ್ ಮಿಶ್ರಲೋಹ ಹತ್ತು ಲಕ್ಷದಲ್ಲಿ ಸುಮಾರು 9 ಪಾಲು ಹಿಗ್ಗಿದರೆ ಲೇಪದ ಖನಿಜ 13ರ ಆಸುಪಾಸು ಹಿಗ್ಗುತ್ತದೆ. ಆರುವಾಗ ಲೇಪವೇ ಹೆಚ್ಚು ಕುಗ್ಗಬೇಕು, ಲೋಹ ಬಿಡುವುದಿಲ್ಲ. ಆ ಎಳೆತದಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ. ಜ್ವಾಲೆಯಲ್ಲಿ ಖನಿಜದ ಒಂದಂಶ ಕೆಟ್ಟು, ದೇಹದ್ರವದಲ್ಲಿ ಬೇಗ ಕರಗುವ ರೂಪಕ್ಕೆ ತಿರುಗುತ್ತದೆ. ಲೇಪ ದಪ್ಪವಾದಷ್ಟೂ ಕಳಚುವ ಭಯ ಹೆಚ್ಚು.

ಹಾಗಿದ್ದರೆ ಆ ಕೀಲುಗಳು ದಶಕಗಟ್ಟಲೆ ಬಾಳಿದ್ದು ಹೇಗೆಂದು ಕೇಳಬಹುದು. ಬಾಳಿದ್ದು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಲೇಪದ ಮುಖ್ಯ ಕೆಲಸ ಮೊದಲ ತಿಂಗಳುಗಳಲ್ಲಿ ಮೂಳೆಯನ್ನು ಹತ್ತಿರ ಕರೆಯುವುದು; ಮುಂದಿನ ಹೊರೆಯಲ್ಲಿ ಲೋಹದ ಆಕಾರಕ್ಕೂ ಒರಟು ಮೈಗೂ ದೊಡ್ಡ ಪಾಲಿದೆ. ಆದ್ದರಿಂದ ಆ ಯಶಸ್ಸನ್ನು ಪೂರ್ತಿ ಅಂಟಿನ ಲೆಕ್ಕಕ್ಕೆ ಬರೆಯಲಾಗದು. ಕ್ಯೋಟೋದ ಕೊಕುಬೊ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ ದಾರಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅವರು ಹೊರಗಿನಿಂದ ಏನನ್ನೂ ಎರಚಲಿಲ್ಲ. ಲೋಹವನ್ನು ಕ್ಷಾರದಲ್ಲಿ ನೆನೆಸಿ, ಸುಮಾರು 600 ಡಿಗ್ರಿಯಲ್ಲಿ ಕಾಯಿಸಿ, ಅದರ ಮೈಯನ್ನೇ ಸೋಡಿಯಮ್ ಟೈಟನೇಟ್ ಆಗಿ ಮಾರ್ಪಡಿಸಿದರು. ದೇಹದ್ರವವನ್ನು ಹೋಲುವ ದ್ರಾವಣದಲ್ಲಿ ಅಪಟೈಟ್ ಅದರ ಮೇಲೆ ತಾನಾಗಿ ಬೆಳೆಯಿತು. ಲೋಹಕ್ಕೂ ಪದರಕ್ಕೂ ನಡುವೆ ಚೂಪಾದ ಗಡಿಯೇ ಇಲ್ಲದಿರುವುದು ಇದರ ಬಲ. ಈ ವಿಧಾನದ ಸೊಂಟದ ಕೀಲು 2007ರಿಂದ ಜಪಾನಿನ ರೋಗಿಗಳ ಬಳಕೆಯಲ್ಲಿದೆ.